ದಿನಕ್ಕೆ ಹದಿಮೂರು ಫ್ರೇಮು

ಅಸ್ಥಿಪಂಜರಕ್ಕೆ ಕತ್ತಿವರಸೆ ಕಲಿಸಬಹುದು, ಆದರೆ ಅವಸರ ಮಾಡಿದರೆ ಅದು ಕೇಳುವುದಿಲ್ಲ. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದ ಕೊನೆಯಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರ ಮೇಲೆ ಮುಗಿಬೀಳುತ್ತವಲ್ಲ, ಕೆಲವೇ ನಿಮಿಷದ ಆ ಕಾಳಗಕ್ಕೆ ಅನಿಮೇಟರ್ ರೇ ಹ್ಯಾರಿಹೌಸನ್ ನಾಲ್ಕೂವರೆ ತಿಂಗಳು ಒಬ್ಬರೇ ಗೊಂಬೆ ಆಡಿಸಿದರು. ಗೊಂಬೆಯನ್ನು ತುಸು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು: ಇದೇ ಸ್ಟಾಪ್ ಮೋಷನ್. ಹಾಗೆ ತೆಗೆದ ಒಂದೊಂದು ಚಿತ್ರವೂ ಒಂದು ಫ್ರೇಮು. ಸರಾಸರಿ ದಿನಕ್ಕೆ 13 ಫ್ರೇಮು. ಸಿನಿಮಾ ಸೆಕೆಂಡಿಗೆ 24 ಫ್ರೇಮು ನುಂಗುತ್ತದೆ. ದಿನವಿಡೀ ಬೆನ್ನು ಬಗ್ಗಿಸಿದರೂ ಕೈಗೆ ಬಂದದ್ದು ಅರ್ಧ ಸೆಕೆಂಡು ಮತ್ತು ಚಿಲ್ಲರೆ. ನೋಡುವಾಗ ನಾವು ಒಮ್ಮೆ ಕಣ್ಣು ಮಿಟುಕಿಸಿದರೆ ಅವರ ಅರ್ಧ ದಿನದ ಕೂಲಿ ಹೋಯಿತು.

ಇಂಥ ಗೊಂಬೆಯ ಒಳಗೆ ಲೋಹದ ಗೂಡು ಇರುತ್ತದೆ. ಕೀಲು ಕೀಲಿಗೂ ಬಟ್ಟಲೊಳಗೆ ಕೂತ ಒಂದು ಗುಂಡು, ಬಿಗಿ ಮಾಡಲು ಒಂದು ಸ್ಕ್ರೂ. ಕಷ್ಟವೆಲ್ಲ ಆ ಬಿಗಿಯಲ್ಲೇ. ಸ್ಕ್ರೂ ಸಡಿಲವಾದರೆ ಎತ್ತಿದ ಕೈ ಮುಂದಿನ ಫ್ರೇಮಿನ ಹೊತ್ತಿಗೆ ಜೋತುಬೀಳುತ್ತದೆ. ಅತಿ ಬಿಗಿಯಾದರೆ ಕೈ ತಿರುಗಿಸಲು ಹೋದಾಗ ಸೊಂಟವೂ ಜೊತೆಗೆ ತಿರುಗುತ್ತದೆ. ಹ್ಯಾರಿಹೌಸನ್ನರ ಗೊಂಬೆಗಳ ಗೂಡನ್ನು ಬಹಳ ವರ್ಷ ಮಾಡಿಕೊಟ್ಟದ್ದು ಲೇತ್ ಕೆಲಸ ಬಲ್ಲ ಅವರ ಅಪ್ಪ. ಗೂಡಿನ ಮೇಲಿನ ಮಾಂಸಕ್ಕೆ ರಬ್ಬರ್ ಹಾಲನ್ನು ನೊರೆಯೇಳುವಂತೆ ಕಡೆದು, ಪ್ಲಾಸ್ಟರ್ ಅಚ್ಚಿಗೆ ಹೊಯ್ದು, ಒಲೆಯಲ್ಲಿ ಬೇಯಿಸುತ್ತಾರೆ. ದಶಕಗಳು ಕಳೆದರೆ ಈ ಮಾಂಸ ಒಣಗಿ ಪುಡಿಯಾಗುತ್ತದೆ, ಎಲುಬು ಉಳಿಯುತ್ತದೆ. ನಮ್ಮ ಹಾಗೆಯೇ.

ಪಾದದಲ್ಲಿ ಮರೆಯಿಟ್ಟ ರಂಧ್ರಕ್ಕೆ ಮೇಜಿನ ಅಡಿಯಿಂದ ಸ್ಕ್ರೂ ತಿರುಗಿಸಿ ಕಾಲನ್ನು ನಿಲ್ಲಿಸಬೇಕು. ಹೆಜ್ಜೆ ಎತ್ತಿದೊಡನೆ ಮೇಜಿನಲ್ಲಿ ಉಳಿದ ಹಳೆಯ ತೂತನ್ನು ಮುಚ್ಚಬೇಕು. ಮೂಗು ಎಲ್ಲಿತ್ತು ಎಂದು ಮರೆಯದಿರಲು ಪಕ್ಕದಲ್ಲೊಂದು ಗೇಜು, ಅಂದರೆ ಸೂಜಿ ಸಿಕ್ಕಿಸಿದ ಪುಟ್ಟ ಕಂಬ. ಅದರ ಸೂಜಿಯ ತುದಿ ಮೂಗಿಗೆ ತಾಗುವಂತಿಟ್ಟು, ಮೂಗನ್ನು ಕೂದಲೆಳೆಯಷ್ಟು ಸರಿಸಿ, ಸೂಜಿಯನ್ನು ತೆಗೆದು, ಕ್ಯಾಮೆರಾ ಒತ್ತಬೇಕು. ತೆಗೆಯಲು ಮರೆತರೆ ಪರದೆಯ ಮೇಲೆ ರಾಕ್ಷಸನ ಮುಂದೆ ಒಂದು ಕಂಬ ಮಿಂಚಿ ಮಾಯವಾಗುತ್ತದೆ. ನಡುವೆ ಬಲ್ಬು ಸುಟ್ಟರೂ ಕೆಲಸ ಕೆಟ್ಟಿತು, ಹೊಸದರ ಬೆಳಕು ಹಳೆಯದಕ್ಕೆ ಹೊಂದುವುದಿಲ್ಲ. ಸೆಟ್ಟಿನಲ್ಲಿ ನಿಜವಾದ ಗಿಡ ಇಟ್ಟರಂತೂ ದೇವರೇ ಗತಿ. ನಮಗೆ ನಿಂತಂತೆ ಕಾಣುವ ಎಲೆ ಸಂಜೆಯೊಳಗೆ ಬಾಗಿರುತ್ತದೆ. ಪರದೆಯ ಮೇಲೆ ಅದು ಗಾಳಿಯಿಲ್ಲದೆ ತಲೆದೂಗುತ್ತದೆ.

ಕೈಯನ್ನು ಪ್ರತಿ ಫ್ರೇಮಿಗೂ ಒಂದೇ ಅಳತೆ ಸರಿಸುವುದು ಹೊಸಬರ ತಪ್ಪು. ಭಾರವಿರುವ ಪ್ರಾಣಿ ಹಾಗೆ ಚಲಿಸುವುದಿಲ್ಲ: ಮೊದಲು ಸ್ವಲ್ಪ, ಆಮೇಲೆ ಹೆಚ್ಚು, ನಿಲ್ಲುವ ಮುಂಚೆ ಮತ್ತೆ ಸ್ವಲ್ಪ. ನಿಂತ ಮೇಲೂ ಪೂರ್ತಿ ನಿಲ್ಲಿಸುವಂತಿಲ್ಲ, ಬಾಲವಾದರೂ ಅಲುಗುತ್ತಿರಬೇಕು, ಇಲ್ಲದಿದ್ದರೆ ಆ ಕ್ಷಣವೇ ಅದು ಬೊಂಬೆ. 1981ರ ‘ಕ್ಲಾಶ್ ಆಫ್ ದಿ ಟೈಟನ್ಸ್’ ಚಿತ್ರಕ್ಕೆ ಹ್ಯಾರಿಹೌಸನ್ ಆಡಿಸಿದ ಗ್ರೀಕ್ ಪುರಾಣದ ರಾಕ್ಷಸಿ ಮೆಡೂಸಾಳ ತಲೆಯ ಹಾವುಗಳಿಗೆ ಇದೇ ಕಾರಣಕ್ಕೆ ಒಂದು ಫ್ರೇಮಿನ ರಜೆಯೂ ಇರಲಿಲ್ಲ.

ಇಷ್ಟು ಮಾಡಿದರೂ ನಡಿಗೆಯಲ್ಲಿ ಒಂದು ತಡವರಿಕೆ ಉಳಿಯುತ್ತದೆ. ನಿಜವಾಗಿ ಓಡುವವನನ್ನು ಕ್ಯಾಮೆರಾ ತುಸು ಮಸುಕಾಗಿ ಹಿಡಿಯುತ್ತದೆ. ಗೊಂಬೆ ಪ್ರತಿ ಫ್ರೇಮಿನಲ್ಲೂ ಅಲುಗದೆ ನಿಂತಿರುವುದರಿಂದ ಅಂಚು ಚೂಪಾಗಿಯೇ ಇರುತ್ತದೆ. ಮುಂದೆ ಬೇರೆಯವರು ಶಟರ್ ತೆರೆದಿರುವಾಗಲೇ ಗೊಂಬೆಯನ್ನು ಮೋಟಾರಿನಿಂದ ಅಲುಗಿಸಿ ಮಸುಕು ತರಿಸಿದರು, ಆಮೇಲೆ ಕಂಪ್ಯೂಟರ್ ಬಂತು. ಮಸುಕು ಸರಿಹೋಯಿತು. ನನಗೇನೋ ಆ ಚೂಪೇ ಇಷ್ಟ. ಕನಸಿನಲ್ಲಿ ಅಟ್ಟಿಸಿಕೊಂಡು ಬರುವವು ಹಾಗೆಯೇ ಬರುತ್ತವೆ, ತಡವರಿಸುತ್ತ, ಆದರೂ ನಮಗಿಂತ ಬೇಗ. ಜೇಸನ್ ಚಿತ್ರದ ಕಂಚಿನ ದೈತ್ಯ ಟ್ಯಾಲೋಸನನ್ನು ಹ್ಯಾರಿಹೌಸನ್ ಬೇಕೆಂದೇ ಸೆಟೆದುಕೊಂಡು ನಡೆಯುವಂತೆ ಮಾಡಿದರು. ಕಂಚು ನುಣುಪಾಗಿ ನಡೆದರೆ ಯಾರು ಹೆದರುತ್ತಾರೆ?

ಅವರ ಗುರು ವಿಲ್ಲಿಸ್ ಓಬ್ರಯನ್ 1933ರ ‘ಕಿಂಗ್ ಕಾಂಗ್’ ಚಿತ್ರಕ್ಕೆ ಆಡಿಸಿದ ದೈತ್ಯ ಗೊರಿಲ್ಲಾ ಕಾಂಗ್ ಸುಮಾರು 18 ಅಂಗುಲದ ಗೊಂಬೆ, ಮೈಮೇಲೆ ಮೊಲದ ತುಪ್ಪಳ. ಪ್ರತಿ ಫ್ರೇಮಿಗೂ ಕೈ ಹಾಕಿ ಸರಿಸಿದಾಗ ಬೆರಳು ತಾಗಿದ ಕಡೆಯೆಲ್ಲ ರೋಮ ಕದಲಿತು. ಪರದೆಯ ಮೇಲೆ ಆ ದೈತ್ಯ ಸುಮ್ಮನೆ ನಿಂತಾಗಲೂ ತುಪ್ಪಳ ಕೋಪದಿಂದ ಕುದಿಯುವಂತೆ ಕಾಣುತ್ತದೆ. ಬೆರಳಿನ ಗುರುತು ಅಳಿಸಲು ಪುರುಸೊತ್ತು ಇರಲಿಲ್ಲ, ಮುಂದಿನ ಫ್ರೇಮು ಕಾಯುತ್ತಿತ್ತು.