ನಡುಬೆರಳಿನ ಕೆಲಸ

ಪುಣೆಯ ಭೋಸರಿ, ಚಾಕಣ ಕಡೆ ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ಸಾಫ್ಟ್‌ವೇರಿನಲ್ಲಿ, ಜಿಗ್ಗು, ಫಿಕ್ಸ್ಚರು (ಕೆಲಸ ನಡೆವಾಗ ಪಾರ್ಟನ್ನು ಹಿಡಿದಿಡುವ ಸಾಧನಗಳು) ಡಿಸೈನ್ ಮಾಡುವವರಲ್ಲಿ ನಮ್ಮ ಬೆಳಗಾವಿ, ಹುಬ್ಬಳ್ಳಿಯವರು ಬೇಕಾದಷ್ಟಿದ್ದಾರೆ. ಇಬ್ಬರು ಚಹಾಕ್ಕೆ ನಿಂತರೆ ಮೊದಲು ಊರ ಕಡೆಯ ಮಳೆ, ಆಮೇಲೆ ಮನೆ ಬಾಡಿಗೆ, ಮೂರನೆಯದೇ ಮೌಸ್ ಹಿಡಿದು ನೋಯುವ ಮಣಿಕಟ್ಟು. "ಏನ್ರೀ ಸರ, ಕೈ ಹೆಂಗೈತಿ?" ಅಂದರೆ ಬಲಗೈ ಅಂತಲೇ ಅರ್ಥ.

ಒಳ್ಳೆ ಮೌಸ್ ತಗೋಬೇಕು ಅಂತ ಎಲ್ಲರೂ ಅನ್ನುತ್ತಾರೆ. ಆದರೆ ಮಾರುವವರಿಗೆ ಅಂಗೈ ಮೇಲೆ ಪ್ರೀತಿ ಜಾಸ್ತಿ. ಅಂಗೈಗೆ ಆರಾಮು, ಹೆಬ್ಬೆರಳಿಗೆ ತೊಟ್ಟಿಲು ಅಂತೆಲ್ಲ ಡಬ್ಬಿಯ ಮೇಲೆ ಬರೆದಿರುತ್ತದೆ. ನಮ್ಮ ಕೆಲಸದಲ್ಲಿ ದುಡಿಯುವುದು ನಡುಬೆರಳು. ಆಟೋಕ್ಯಾಡ್ ಅನ್ನುವ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಮೌಸಿನ ನಡುವಿನ ಚಕ್ರ ಒತ್ತಿ ಹಿಡಿದು ಎಳೆದರೆ ಡ್ರಾಯಿಂಗ್ ಸರಿಯುತ್ತದೆ, ಎರಡು ಸಲ ಪಟಪಟ ಒತ್ತಿದರೆ ಇಡೀ ಡ್ರಾಯಿಂಗ್ ಪರದೆ ತುಂಬುತ್ತದೆ. ಸಾಲಿಡ್‌ವರ್ಕ್ಸ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಹಾಗೇ ಒತ್ತಿ ಎಳೆದರೆ ಪಾರ್ಟ್ ತಿರುಗುತ್ತದೆ. ಒಂದು ರಂಧ್ರ ಸರಿಯಾಗಿ ಕಾಣಲು ಪಾರ್ಟನ್ನು ಅದೆಷ್ಟು ಸಲ ಹೊರಳಿಸುತ್ತೇವೋ! ಅಷ್ಟು ಸಲವೂ ಬೆರಳು ಒತ್ತಿಕೊಂಡೇ ಇರಬೇಕು, ಕೈ ಜರುಗುತ್ತಲೂ ಇರಬೇಕು. ಚಕ್ರವೋ, ಉರುಳಲು ಹುಟ್ಟಿದ್ದು. ಒತ್ತುವಾಗ ಚೂರು ಉರುಳಿತೋ, ಜೂಮ್ ಆಗಿ ಕಣ್ಣೆದುರಿನ ಅಂಚು ಎಲ್ಲೋ ಓಡಿಹೋಗುತ್ತದೆ.

ಮೊದಲು ಹೀಗಿರಲಿಲ್ಲ. 1968ರಲ್ಲಿ ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ಜನರೆದುರು ತೋರಿಸಿದ ಮೌಸಿಗೆ ಮೂರು ಬಟನ್ ಇದ್ದವು, ನಡುವಿನದೂ ಅಪ್ಪಟ ಬಟನ್ನೇ. 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಬಂದ ಮೇಲೆ ಚಕ್ರ ಮನೆಮಾತಾಯಿತು. ಪುಟ ಓದುವವರಿಗೆ ಸುಖ. ನಡುವಿನ ಬಟನ್ ಮಾತ್ರ ಚಕ್ರದ ಕೆಳಗೆ ಬಾಡಿಗೆಗೆ ಹೋಯಿತು.

ಈಗ ಎಲ್ಲರ ಬಾಯಲ್ಲೂ ನಿಂತ ಮೌಸು, ಅಂದರೆ ವರ್ಟಿಕಲ್. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಅಂಗೈ ಮೇಜಿಗೆ ಮಗುಚಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ 57 ಡಿಗ್ರಿ ಓರೆ ಇದೆ. ಕೈಕುಲುಕುವ ಹಾಗೆ ಹಿಡಿದರೆ ಮುಂಗೈಗೆ ಆ ತಿರುಚು ಕಮ್ಮಿ. ಆದರೆ ಅದರ ಚಕ್ರ ಒತ್ತಬೇಕಾದರೆ ಬಲ ಕೆಳಕ್ಕಲ್ಲ, ಪಕ್ಕಕ್ಕೆ ಬೀಳುತ್ತದೆ. ಮೌಸು ಸರಿಯದಂತೆ ಹೆಬ್ಬೆರಳು ಆ ಕಡೆಯಿಂದ ತಡೆಯಬೇಕು. ಈಮೇಲ್ ನೋಡುವವರಿಗೆ ಇದು ಲೆಕ್ಕಕ್ಕಿಲ್ಲ, ನಮಗೆ ಇದೇ ಲೆಕ್ಕ. ನಿಂತಲ್ಲೇ ನಿಂತು ಮೇಲಿನ ಗುಂಡನ್ನಷ್ಟೇ ಉರುಳಿಸುವ ಟ್ರ್ಯಾಕ್‌ಬಾಲ್‌ನಲ್ಲಿ ಮಣಿಕಟ್ಟು ಅಷ್ಟಾಗಿ ಅಲ್ಲಾಡುವುದಿಲ್ಲ, ನಿಜ. ಹೆಬ್ಬೆರಳಿನಿಂದ ಉರುಳಿಸುವ ಮಾದರಿಯಾದರೆ ನೋವು ಅಲ್ಲಿಗೆ ವರ್ಗವಾಗುವ ಭಯ ಇದ್ದೇ ಇದೆ.

ಕ್ಯಾಡ್‌ನವರ ಗೋಳು ಕೇಳಿ ಮಾಡಿದ ಹಾಗಿರುವುದು 3ಡಿ ಕನೆಕ್ಷನ್‌ನ ಕ್ಯಾಡ್‌ಮೌಸ್. ಚಕ್ರ ಬೇರೆ, ನಡುವೆ ಪೂರ್ಣ ಗಾತ್ರದ ಬಟನ್ ಬೇರೆ. ಇಷ್ಟು ಸರಳ ವಿಷಯ ಉಳಿದವರಿಗೆ ಯಾಕೆ ಹೊಳೆಯಲಿಲ್ಲವೋ! ಅದೇ ಕಂಪನಿಯ ಸ್ಪೇಸ್‌ಮೌಸ್, ಅಂದರೆ ಮೇಜಿನ ಮೇಲೆ ಕೂತಲ್ಲೇ ತಿರುಚಿ ಒತ್ತುವ ಗುಬ್ಬಿ, ಎಡಗೈಗೆ ಕೊಟ್ಟರೆ ಪಾರ್ಟ್ ತಿರುಗಿಸುವ ಕೆಲಸವೇ ಅತ್ತ ಹೋಗುತ್ತದೆ. ಅಷ್ಟೂ ಹೊತ್ತು ಸುಮ್ನೆ ಕೂತಿದ್ದ ಎಡಗೈಗೂ ಒಂದು ನೌಕರಿ. ಬೆಲೆ ಮಾತ್ರ ಕಂಪನಿ ಪರ್ಚೇಸ್‌ನವರು ಒಪ್ಪುವಂಥದ್ದಲ್ಲ. ಅವರ ಕಣ್ಣಲ್ಲಿ ಮೌಸ್ ಅಂದರೆ ಕೀಬೋರ್ಡ್ ಜೊತೆ ಬರುವ ವಸ್ತು.

ಹಾಗಾಗಿ ಪುಣೆಯ ಬುಧವಾರ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ತಪಕೀರ್ ಗಲ್ಲಿಗೆ ಹೋದರೆ ನಾನು ಅಂಗೈ ಆರಾಮು ನೋಡುವುದಿಲ್ಲ. ತೆರೆದಿಟ್ಟ ಮೌಸಿನ ಚಕ್ರ ಒತ್ತಿ ಹಿಡಿದು ಗಾಜಿನ ಕೌಂಟರ್ ಮೇಲೆ ಸುತ್ತು ಹಾಕುತ್ತೇನೆ. ಗಟ್ಟಿಯಾಗಿದ್ದರೆ ಪಕ್ಕಕ್ಕಿಡುತ್ತೇನೆ. "ಗೇಮಿಂಗ್‌ಸಾಠೀ ಕಾ?" (ಗೇಮ್ ಆಡೋಕಾ?) ಅನ್ನುತ್ತಾರೆ ಅಂಗಡಿ ಕಾಕಾ. ಅಲ್ಲ ಅಂದರೆ ಆಫೀಸಿನವರ ಅಗ್ಗದ ಡಬ್ಬಿ ಮುಂದೆ ಬರುತ್ತದೆ, ಹೌದು ಅಂದರೆ ಕೆಂಪು ದೀಪ ಮಿನುಗುವುದು. ಹೌದು ಅನ್ನುವುದೇ ವಾಸಿ. ಗೇಮ್ ಆಡುವವರ ಮೌಸಿನಲ್ಲಿ ಚಕ್ರ ಒಮ್ಮೊಮ್ಮೆ ಮೆತ್ತಗೆ ಸಿಗುತ್ತದೆ, ದೀಪ ಆರಿಸಿಕೊಂಡರಾಯಿತು.