ಐಸೆಂಕ್ ಬರೆದದ್ದೆಲ್ಲ ವಾಪಸ್ ಆಗಿಲ್ಲ: ನನ್ನ ತಪ್ಪಿಗೊಂದು ಸ್ಪಷ್ಟನೆ

"ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್ ಅವರ ಪ್ರಬಂಧಗಳೆಲ್ಲ ನಕಲಿ, ಎಲ್ಲವನ್ನೂ ವಾಪಸ್ ಪಡೆದಿದ್ದಾರೆ" ಎಂದು ಕಳೆದ ವಾರ ಬರೆದಿದ್ದೆ. ಅದು ತಪ್ಪು. ಅವಸರದಲ್ಲಿ ತಲೆಬರಹ ಮಾತ್ರ ಓದಿ ಬರೆದದ್ದು, ಅಷ್ಟೇ.

ನಡೆದದ್ದು ಇಷ್ಟು. ಐಸೆಂಕ್ ತೀರಿಕೊಂಡದ್ದು 1997ರಲ್ಲಿ. ಅವರು ದುಡಿದ ಸಂಸ್ಥೆ ಈಗ ಲಂಡನ್ನಿನ ಕಿಂಗ್ಸ್ ಕಾಲೇಜಿನ ಭಾಗ. ಆ ಕಾಲೇಜು 2019ರಲ್ಲಿ ಒಂದು ವಿಚಾರಣೆ ನಡೆಸಿತು. ಅದು ನೋಡಿದ್ದು ಐಸೆಂಕ್ ಅವರು ರೊನಾಲ್ಡ್ ಗ್ರೊಸಾರ್ಟ್-ಮಾಟಿಚೆಕ್ ಎಂಬ ಸಂಶೋಧಕರ ಜೊತೆ ಸೇರಿ ಬರೆದ ಪ್ರಬಂಧಗಳನ್ನು ಮಾತ್ರ. ಮನುಷ್ಯನ ಸ್ವಭಾವಕ್ಕೂ ಕ್ಯಾನ್ಸರ್, ಹೃದ್ರೋಗದ ಸಾವಿಗೂ ಭಾರೀ ನಂಟಿದೆ ಎಂದು ಹೇಳಿದ ಬರಹಗಳು ಅವು. ಅವುಗಳಲ್ಲಿ 26 ನಂಬುವಂತಿಲ್ಲ ಎಂದು ವರದಿ ಹೇಳಿತು. ಆಮೇಲೆ ಸಂಶೋಧನಾ ಪತ್ರಿಕೆಗಳು ಕೆಲವನ್ನು ಹಿಂಪಡೆದವು, ಇನ್ನು ಕೆಲವಕ್ಕೆ ಎಚ್ಚರಿಕೆಯ ಟಿಪ್ಪಣಿ ಹಾಕಿದವು. ವಾಪಸ್ ಪಡೆಯುವುದೆಂದರೆ ಪ್ರಬಂಧವನ್ನು ನಂಬಬೇಡಿ ಎಂದು ಪತ್ರಿಕೆಯೇ ಹೇಳುವುದು, ಎಚ್ಚರಿಕೆ ಹಾಕುವುದೆಂದರೆ ಅದರ ಬಗ್ಗೆ ಅನುಮಾನ ಇದೆ ಎಂದಷ್ಟೇ ಹೇಳುವುದು; ಎರಡೂ ಬೇರೆ ಬೇರೆ. ನಾನು ಎಡವಿದ್ದು ಅಲ್ಲೂ ಕೂಡ.

ಐಸೆಂಕ್ ಬರೆದ ಲೇಖನಗಳು ನೂರಾರು. ಮಾನಸಿಕ ಚಿಕಿತ್ಸೆಯ ಫಲವನ್ನು ಪ್ರಶ್ನಿಸಿದ 1952ರ ಲೇಖನ ಈ ವಿಚಾರಣೆಗೆ ಸೇರಿಯೇ ಇರಲಿಲ್ಲ. ಅದನ್ನು ಒಪ್ಪದವರು ಜಾಸ್ತಿ ಜನ ಇದ್ದಾರೆ, ಆದರೆ ಅದು ವಾದ, ವಾಪಸಾತಿ ಅಲ್ವಲ್ಲ.

ಹಾಗಂತ "ಸ್ವಭಾವ ಬದಲಾಯಿಸಿದರೆ ಕ್ಯಾನ್ಸರ್ ಬರಲ್ಲ" ಎಂದು ಅವರ ಹೆಸರು ಹಾಕಿ ಓಡಾಡುತ್ತಿರುವ ಮೆಸೇಜನ್ನೂ ನಂಬಬೇಡಿ. ಅದರ ಬುಡ ಇದೇ 26ರಲ್ಲಿದೆ.

ನನ್ನ ಹಳೆಯ ಮೆಸೇಜನ್ನು ಅಳಿಸಿದ್ದೇನೆ. ನಿಮ್ಮ ಬಳಿ ಇದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅವರಿಗೆ ಇದನ್ನೂ ಕಳಿಸಿ.