ಮಂಚದಿಂದ ಕೆಂಡಕ್ಕೆ ಎಷ್ಟು ದೂರ?

ಟೆಕ್ಸಸ್‌ನ ಬ್ರಿಸ್ಕೆಟ್ ಹುಟ್ಟಿದ್ದೇ ಮನುಷ್ಯನ ನಿದ್ದೆಯ ಮೇಲೆ ಕಣ್ಣಿಟ್ಟು. ದನದ ಎದೆಭಾಗದ ಐದಾರು ಕಿಲೋ ತೂಗುವ ಒಂದೇ ತುಂಡು. ಅದು 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ (107ರಿಂದ 121 ಸೆಲ್ಸಿಯಸ್) ಹೊಗೆಗಾವಿನಲ್ಲಿ ಹನ್ನೆರಡು ಗಂಟೆಯೋ ಹದಿನಾಲ್ಕು ಗಂಟೆಯೋ ಮಲಗಿರಬೇಕು. ನಾಳೆ ಮಧ್ಯಾಹ್ನ ನೆಂಟರು ಬರುತ್ತಾರೆಂದರೆ ಇವತ್ತು ರಾತ್ರಿಯೇ ಒಲೆ ಹೊತ್ತಬೇಕು. ಅಂಗಡಿಗಳಲ್ಲಾದರೆ ರಾತ್ರಿಪಾಳಿಗೆ ಜನ ಇರುತ್ತಾರೆ. ಮನೆಯಲ್ಲಿ ಪಾಳಿಗೆ ಬರುವವರು ಯಾರು? ಒಲೆಯ ಕಾವನ್ನು ಮಂಚದ ಪಕ್ಕಕ್ಕೇ ಮುಟ್ಟಿಸುವ ವೈರ್‌ಲೆಸ್ ಥರ್ಮಾಮೀಟರಿನ ವ್ಯಾಪಾರ ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಮಾರುವವರು ಅದನ್ನು ನಿಖರತೆಯ ಹೆಸರಿನಲ್ಲಿ ಮಾರುತ್ತಾರೆ, ಕೊಳ್ಳುವವರಿಗೆ ಬೇಕಾದದ್ದು ನಾಲ್ಕು ಗಂಟೆ ನಿದ್ದೆ. ಹಾಗಾಗಿ ಡಬ್ಬಿಯ ಮೇಲಿನ ದಶಾಂಶ ಸ್ಥಾನಗಳನ್ನು ಓದುವ ಮೊದಲು, ಮಂಚಕ್ಕೂ ಹಿತ್ತಲಿನ ಒಲೆಗೂ ನಡುವೆ ಎಷ್ಟು ಗೋಡೆಗಳಿವೆ ಎಂದು ಎಣಿಸುವುದು ಒಳ್ಳೆಯದು.

ಒಂದು ವರ್ಗದವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು. ಪಕ್ಕದಲ್ಲಿ ಬೆಂಕಿಗೂಡು ಇರುವ ಆಫ್‌ಸೆಟ್ ಸ್ಮೋಕರ್ ಎಂಬ ಹೊಗೆಯೊಲೆಯಲ್ಲಿ ಓಕ್ ಸೌದೆ ಉರಿಸುವವರು ಮುಕ್ಕಾಲು ಗಂಟೆಗೊಮ್ಮೆ ಎದ್ದು ಒಂದು ಸೀಳು ಸೌದೆ ಹಾಕಲೇಬೇಕು. ಅವರಿಗೆ ದೂರದ ಅಲಾರಂ ಅನಗತ್ಯ ಖರ್ಚು. ಇದ್ದಿಲು ತುಂಬಿಟ್ಟರೆ ರಾತ್ರಿಯಿಡೀ ನಿಧಾನವಾಗಿ ಉರಿಯುವ ಬುಲೆಟ್ ಸ್ಮೋಕರ್, ದಪ್ಪ ಸೆರಾಮಿಕ್ಕಿನ ಕಮಾಡೊ, ಮರದ ಗುಳಿಗೆಗಳನ್ನು ತಾನೇ ಸುರಿದುಕೊಳ್ಳುವ ಪೆಲೆಟ್ ಒಲೆ, ಇವುಗಳ ಯಜಮಾನರಿಗೆ ಮಾತ್ರ ಮುಂದಿನ ಮಾತು.

ಒಲೆಯ ಮುಚ್ಚಳದಲ್ಲಿ ಆಗಲೇ ಒಂದು ಗಡಿಯಾರದಂಥ ಮುಳ್ಳು ಇರುತ್ತದಲ್ಲ, ಅದು ಸಾಲದೇ? ಸಾಲದು. ಎರಡು ಲೋಹದ ಪಟ್ಟಿ ಬಿಸಿಗೆ ಬೇರೆಬೇರೆಯಾಗಿ ಹಿಗ್ಗಿ ಮುಳ್ಳನ್ನು ತಿರುಗಿಸುವ ಸರಳ ಸಾಧನ ಅದು. ಅದರ ದೊಡ್ಡ ತೊಂದರೆ ಕೂತ ಜಾಗ. ಮಾಂಸ ಇರುವುದು ಕೆಳಗೆ ಜಾಲರಿಯ ಮೇಲೆ, ಮುಳ್ಳು ಇರುವುದು ಮೇಲೆ ಬುರುಡೆಯಲ್ಲಿ. ಎರಡರ ನಡುವೆ 25ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಸಾಮಾನ್ಯ. ಆದ್ದರಿಂದ ಕೊಳ್ಳುವ ಸೆಟ್ಟಿನಲ್ಲಿ ಕನಿಷ್ಠ ಎರಡು ಪ್ರೋಬ್ ಇರಬೇಕು. ಒಂದು ಮಾಂಸಕ್ಕೆ ಚುಚ್ಚುವ ಉಕ್ಕಿನ ಕಡ್ಡಿ, ಇನ್ನೊಂದು ಕ್ಲಿಪ್ಪಿನಲ್ಲಿ ಜಾಲರಿಗೆ ಕಚ್ಚಿಸುವಂಥದ್ದು. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ಯಾವುದೆಂದರೆ ಎರಡನೆಯದೇ. ಮಾಂಸದ ಕಾವು ತನ್ನಷ್ಟಕ್ಕೆ ಏರುತ್ತದೆ, ರಾತ್ರಿ ಮೂರಕ್ಕೆ ಕೈಕೊಡುವುದು ಬೆಂಕಿ. ಈ ಎರಡನೆಯ ಪ್ರೋಬನ್ನು ಜಾಲರಿಯಿಂದ ಒಂದಿಂಚು ಮೇಲೆ, ಮಾಂಸದಿಂದ ಎರಡಿಂಚು ದೂರ ಇಡಬೇಕು. ಫ್ರಿಜ್ಜಿನಿಂದ ಬಂದ ಮಾಂಸದ ಸುತ್ತ ತಣ್ಣನೆಯ ಗಾಳಿಯ ಪೊರೆ ಇರುತ್ತದೆ. ಪ್ರೋಬ್ ಅದಕ್ಕೆ ಒತ್ತಿಕೊಂಡರೆ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಗಾಳಿಕಿಂಡಿ ತೆರೆದರೆ ಒಲೆ ಭುಗಿಲೇಳುತ್ತದೆ.

ಇನ್ನು ವೈರ್‌ಲೆಸ್ ಅನ್ನುವುದರಲ್ಲಿ ಮೂರು ಜಾತಿ. ಬ್ಲೂಟೂತ್ ಅಗ್ಗ, ಆದರೆ ಡಬ್ಬಿಯ ಮೇಲಿನ ದೂರ ಬಯಲಿನ ಲೆಕ್ಕ. 2.4 ಗಿಗಾಹರ್ಟ್ಸ್ ಅಲೆಗೆ ಇಟ್ಟಿಗೆ ಗೋಡೆ, ಉಕ್ಕಿನ ಫ್ರಿಜ್ಜು, ನೀರು ಎಲ್ಲವೂ ಶತ್ರು. ವೈಫೈ ಆದರೆ ರೂಟರಿನ ಮೂಲಕ ಎಲ್ಲಿಗಾದರೂ ತಲುಪುತ್ತದೆ, ಆದರೆ ಮೊದಲು ರೂಟರೇ ಹಿತ್ತಲಿಗೆ ತಲುಪಬೇಕು. ಇಂಥ ಬಹುತೇಕ ಸಾಧನಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗೊತ್ತಿಲ್ಲ. ಫೋನು 5 ಗಿಗಾಹರ್ಟ್ಸ್‌ನಲ್ಲಿ ಕೂತಿದ್ದರೆ ಮೊದಲ ಜೋಡಣೆಯಲ್ಲೇ ಅರ್ಧ ಗಂಟೆ ಹೋಗುತ್ತದೆ, ಬೈಗುಳವೂ ಖರ್ಚಾಗುತ್ತದೆ. ಮೂರನೆಯದು ಹಳೆಯ ಕಾಲದ ರೇಡಿಯೋ ಜೋಡಿ. ಒಲೆ ಪಕ್ಕ ಒಂದು ಟ್ರಾನ್ಸ್‌ಮಿಟರ್, ದಿಂಬಿನ ಪಕ್ಕ ಒಂದು ರಿಸೀವರ್, ನಡುವೆ 433 ಅಥವಾ 915 ಮೆಗಾಹರ್ಟ್ಸ್. ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ, ಗ್ರಾಫ್ ಇಲ್ಲ. ಕಡಿಮೆ ಆವರ್ತನದ ಈ ಅಲೆ ಗೋಡೆಗಳನ್ನು ಬ್ಲೂಟೂತಿಗಿಂತ ಸಲೀಸಾಗಿ ದಾಟುತ್ತದೆ. ರಾತ್ರಿ ಅಡುಗೆಗೆ ನಮ್ಮ ಓಟು ಇದಕ್ಕೇ. ಆ್ಯಪ್ ನಡೆಸುವ ಕಂಪನಿ ನಾಳೆ ಬಾಗಿಲು ಹಾಕಿದರೂ ರಿಸೀವರ್ ಕೂಗುವುದು ನಿಲ್ಲುವುದಿಲ್ಲ.

ಅಮೆರಿಕದಿಂದ ಬರುವಾಗ ಬೆಂಗಳೂರಿನ ತಮ್ಮನಿಗೆಂದು ಒಂದು ಸೆಟ್ ಸೂಟ್‌ಕೇಸಿಗೆ ಹಾಕುವವರು ಇಲ್ಲೊಂದು ಕ್ಷಣ ನಿಲ್ಲಬೇಕು. 902ರಿಂದ 928 ಮೆಗಾಹರ್ಟ್ಸ್ ಅಲ್ಲಿ ಲೈಸೆನ್ಸ್ ಬೇಡದ ಪಟ್ಟಿ. ಭಾರತದಲ್ಲಿ ಅದರ ಒಂದು ಭಾಗ ಮೊಬೈಲ್ ಕಂಪನಿಗಳ ಸ್ವತ್ತು, ಇಲ್ಲಿ ಬಿಟ್ಟುಕೊಟ್ಟಿರುವುದು 865ರಿಂದ 868. ತಮ್ಮನಿಗೆ ಬ್ಲೂಟೂತ್ ಅಥವಾ ವೈಫೈನದ್ದೇ ತನ್ನಿ.

ಈಚೆಗೆ ಎಲ್ಲರ ಕಣ್ಣು ತಂತಿಯೇ ಇಲ್ಲದ ಕಡ್ಡಿಯ ಮೇಲೆ. ಪೆನ್ಸಿಲಿನಷ್ಟು ಉದ್ದ, ಒಳಗೇ ಬ್ಯಾಟರಿ, ಒಳಗೇ ರೇಡಿಯೋ. ತಿರುಗುವ ಸಲಾಕೆಯ ಕೋಳಿಗೆ ಇದಕ್ಕಿಂತ ಚೆಂದದ ಸಾಧನವಿಲ್ಲ, ತಂತಿ ಸುತ್ತಿಕೊಳ್ಳುವ ಪ್ರಶ್ನೆಯೇ ಇಲ್ಲ. ಕಂಬಷನ್ ಎಂಬ ಕಂಪನಿಯ ಕಡ್ಡಿಯಲ್ಲಂತೂ ಉದ್ದಕ್ಕೂ ಎಂಟು ಸೆನ್ಸರುಗಳಿವೆ, ಚುಚ್ಚುವಾಗ ಕೈ ಸ್ವಲ್ಪ ತಪ್ಪಿದರೂ ನಡುಭಾಗ ಯಾವುದೆಂದು ಅದು ಹುಡುಕಿಕೊಳ್ಳುತ್ತದೆ. ಆದರೆ ಕಡ್ಡಿಯ ಮೇಲೊಂದು ಗೆರೆ ಕೊರೆದಿರುತ್ತಾರೆ, ಅದನ್ನು ಅಲಂಕಾರ ಎಂದುಕೊಳ್ಳಬಾರದು. ಆ ಗೆರೆಯವರೆಗೆ ಮಾಂಸದೊಳಗೆ ಹೋಗಲೇಬೇಕು. ಬ್ಯಾಟರಿ ಮತ್ತು ಚಿಪ್ಪು ಇರುವುದು ತುದಿಯ ಕಡೆ, ಮಾಂಸದೊಳಗಿನ ನೀರಿನಂಶವೇ ಅವನ್ನು ತಂಪಾಗಿಡುವುದು. ತೆಳ್ಳನೆಯ ತುಂಡಿಗೆ ಅರ್ಧ ಚುಚ್ಚಿ ಕೆಂಡದ ಮೇಲಿಟ್ಟರೆ ಕಡ್ಡಿಯೇ ಸುಟ್ಟುಹೋಗುತ್ತದೆ. ಗಾಳಿಯ ಕಾವು ಅಳೆಯುವ ಸೆನ್ಸರು ಹಿಡಿಯ ತುದಿಯಲ್ಲಿರುವುದರಿಂದ ಅದು ಮಾಂಸದ ಪಕ್ಕದಲ್ಲೇ ಉಳಿಯುತ್ತದೆ. ಎರಡಿಂಚಿನ ನಿಯಮ ಪಾಲಿಸಲು ಅದಕ್ಕೆ ದಾರಿಯೇ ಇಲ್ಲ. ಮೇಲಾಗಿ ಒಳಗೆ ನೀರು ತುಂಬಿದ ಮಾಂಸ, ಹೊರಗೆ ಉಕ್ಕಿನ ಮುಚ್ಚಳ. ಬ್ಲೂಟೂತ್ ಅಲೆ ಈ ಎರಡನ್ನೂ ದಾಟಿ ಬರಬೇಕು. ಅದಕ್ಕೇ ಒಲೆಯ ಪಕ್ಕ ಅಲೆಯನ್ನು ಹಿಡಿದು ಮುಂದಕ್ಕೆ ಕಳಿಸುವ ಒಂದು ರಿಪೀಟರ್ ಇಡುವ ಮಾದರಿಗಳು ಬಂದಿವೆ. ಕೊಳ್ಳುವುದಾದರೆ ಅವನ್ನೇ ಕೊಳ್ಳಿ.

ತಲುಪುತ್ತದೋ ಇಲ್ಲವೋ ಎಂದು ನೋಡಲು ಐದು ಸಾವಿರ ರೂಪಾಯಿಯ ಮಾಂಸ ಬೇಕಿಲ್ಲ, ಒಂದು ದಪ್ಪ ಆಲೂಗಡ್ಡೆ ಸಾಕು. ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಕಡ್ಡಿಯನ್ನು ಅದಕ್ಕೆ ಗೆರೆಯವರೆಗೆ ಚುಚ್ಚಿ, ಬೆಂಕಿ ಹಾಕದ ಒಲೆಯೊಳಗಿಟ್ಟು, ಮುಚ್ಚಳ ಮುಚ್ಚಿ, ಫೋನ್ ಹಿಡಿದು ಮಲಗುವ ಕೋಣೆಗೆ ನಡೆಯಿರಿ. ಯಾವ ಬಾಗಿಲಲ್ಲಿ ಸಂಪರ್ಕ ಕಡಿಯುತ್ತದೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮನೆಯ ಸಸ್ಯಾಹಾರಿ ಹಿರಿಯರ ಆಕ್ಷೇಪವೂ ಇರುವುದಿಲ್ಲ. ವಾಪಸು ಮಾಡುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಬೇಕಷ್ಟೆ.

ಅಳತೆ ಸರಿಯಿದೆಯೇ ಎಂದು ನೋಡಲು ಮಂಜುಗಡ್ಡೆ. ಲೋಟದ ತುಂಬ ಪುಡಿಮಾಡಿದ ಐಸು, ಸಂದು ತುಂಬುವಷ್ಟು ನೀರು, ಕಲಕಿ ಎರಡು ನಿಮಿಷ ಬಿಟ್ಟು, ತುದಿ ಲೋಟಕ್ಕೆ ತಾಗದಂತೆ ನಡುವೆ ಹಿಡಿದರೆ 32 ಫ್ಯಾರನ್‌ಹೀಟ್ ಅಥವಾ ಸೊನ್ನೆ ಸೆಲ್ಸಿಯಸ್ ತೋರಿಸಬೇಕು. ಕುದಿನೀರಿನ ಪರೀಕ್ಷೆಗೆ ಊರಿನ ಎತ್ತರ ಅಡ್ಡಬರುತ್ತದೆ. ಆಸ್ಟಿನ್‌ನಲ್ಲಿ ನೀರು ಹೆಚ್ಚುಕಡಿಮೆ 100 ಸೆಲ್ಸಿಯಸ್‌ಗೆ ಕುದಿಯುತ್ತದೆ, ಡೆನ್ವರ್‌ನಲ್ಲಿ 95ರ ಹತ್ತಿರ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 97ರ ಆಸುಪಾಸು. ಕುದಿಯುವ ನೀರು 97 ತೋರಿಸಿತೆಂದು ಬಸವನಗುಡಿಯವರು ಥರ್ಮಾಮೀಟರನ್ನು ಬೈಯುವಂತಿಲ್ಲ.

ತಂತಿಯ ಪ್ರೋಬುಗಳು ಸಾಯುವುದು ಬಹುತೇಕ ಒಂದೇ ಜಾಗದಲ್ಲಿ, ತಂತಿ ಉಕ್ಕಿನ ಕೊಳವೆಯೊಳಗೆ ಸೇರುವ ಆ ಕುತ್ತಿಗೆಯಲ್ಲಿ. ತೊಳೆಯುವಾಗ ಪೂರ್ತಿ ಮುಳುಗಿಸಿದರೆ ಹೆಣೆದ ತಂತಿಯ ಸಂದಿನಿಂದ ನೀರು ಇಳಿಯುತ್ತದೆ. ಮುಂದಿನ ಸಲ ಕೋಣೆಯ ಶಾಖದಲ್ಲೇ ಅದು 300 ಎಂದೋ, ಬರೀ ಗೆರೆಗಳನ್ನೋ ತೋರಿಸುತ್ತದೆ. ಹೆಚ್ಚು ಕಂಡುಬರುವ ಥರ್ಮಿಸ್ಟರ್ ಪ್ರೋಬಿನಲ್ಲಿ ಕಾವು ಏರಿದಂತೆ ವಿದ್ಯುತ್ ತಡೆ ಇಳಿಯುತ್ತದೆ. ನೀರು ಒಳಗೆ ಅಡ್ಡದಾರಿ ಮಾಡಿಕೊಟ್ಟರೂ ತಡೆ ಇಳಿಯುವುದರಿಂದ ಯಂತ್ರ ಅದನ್ನು ಬಿಸಿ ಎಂದು ತಿಳಿಯುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸುವುದೇ ಸರಿ. ಮುಚ್ಚಳದ ಚೂಪು ಅಂಚಿನಡಿ ತಂತಿ ನಜ್ಜಾಗದಂತೆ ಗಾಳಿಕಿಂಡಿಯಿಂದಲೋ ರಬ್ಬರ್ ತೂತಿನಿಂದಲೋ ಹಾಯಿಸಬೇಕು, ನೇರ ಜ್ವಾಲೆಯ ಮೇಲಂತೂ ಹಾಯಿಸಲೇಬಾರದು. ತಂತಿಯಿಲ್ಲದ ಕಡ್ಡಿಗಳ ಕಾಯಿಲೆ ಬೇರೆ. ಹೊಗೆಯ ಜಿಡ್ಡು ಚಾರ್ಜಿಂಗ್ ಜಾಗದ ಮೇಲೆ ಕಂದು ಪದರವಾಗಿ ಕೂತು ಚಾರ್ಜೇ ಆಗುವುದಿಲ್ಲ. ಹತ್ತಿಗೆ ಆಲ್ಕೋಹಾಲ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ.

ಅಲಾರಂ ಎರಡು ಕಡೆ ಇರಬೇಕು. ಒಲೆಗೆ 225ರಿಂದ 250 ಗುರಿಯಾದರೆ ಕೆಳಮಿತಿ 200, ಮೇಲ್ಮಿತಿ 275. ಇದಕ್ಕಿಂತ ಬಿಗಿಯಾಗಿ ಇಟ್ಟರೆ ಅದು ಸುಮ್ಮನೆ ಕೂಗುತ್ತದೆ, ನೀವು ಸುಮ್ಮನೆ ಏಳುತ್ತೀರಿ. ಎದ್ದವರ ಕೈ ಸುಮ್ಮನಿರದೆ ಗಾಳಿಕಿಂಡಿ ತಿರುಗಿಸುತ್ತದೆ. ಕಿಂಡಿ ತಿರುಗಿಸಿದ್ದರ ಪರಿಣಾಮ ಕಾಣಲು ಹತ್ತು ಹದಿನೈದು ನಿಮಿಷ ಬೇಕು, ಅಷ್ಟರಲ್ಲಿ ಇನ್ನೊಮ್ಮೆ ತಿರುಗಿಸಿದರೆ ಕಾವು ಉಯ್ಯಾಲೆಯಾಡುತ್ತದೆ. ಇವೆರಡಕ್ಕಿಂತ ಹೆಚ್ಚು ಬೇಕಾದದ್ದು, ಮತ್ತು ಅಗ್ಗದ ಮಾದರಿಗಳಲ್ಲಿ ಹೆಚ್ಚಾಗಿ ಇಲ್ಲದ್ದು, ಸಂಪರ್ಕ ಕಡಿದಾಗ ಕೂಗುವ ಅಲಾರಂ. ಅದಿಲ್ಲದಿದ್ದರೆ ಪರದೆಯ ಮೇಲೆ 238 ಎಂದು ಕೊನೆಯ ಸಂಖ್ಯೆ ನಿಂತೇ ಇರುತ್ತದೆ, ಹೊರಗೆ ಕೆಂಡ ಬೂದಿಯಾಗಿರುತ್ತದೆ. ಫೋನ್ ನಂಬಿದವರು ಬ್ಯಾಟರಿ ಸೇವರ್ ಆ್ಯಪನ್ನು ಮಲಗಿಸದಂತೆ, ಸೈಲೆಂಟಿನಲ್ಲೂ ಅಲಾರಂ ಕೇಳುವಂತೆ ಸೆಟ್ಟಿಂಗ್ ಬದಲಾಯಿಸಿರಬೇಕು. ದೂರದಿಂದ ನೋಡಬಹುದೆಂದು ಮನೆಗೆ ಬೀಗ ಹಾಕಿ ಸಿನಿಮಾಕ್ಕೆ ಹೊರಡುವುದು ಬೇರೆ ಮಾತು. ಆ್ಯಪಿಗೆ ಬೆಂಕಿ ಆರಿಸಲು ಬರುವುದಿಲ್ಲ.

ಮಾಂಸದ ಕಡ್ಡಿಯನ್ನು ತುಂಡಿನ ತೆಳುಭಾಗವಾದ ಫ್ಲ್ಯಾಟಿನ ಅತಿ ದಪ್ಪ ಜಾಗಕ್ಕೆ, ಪಕ್ಕದಿಂದ ಅಡ್ಡಲಾಗಿ, ಕೊಬ್ಬಿನ ಪದರ ತಪ್ಪಿಸಿ ಚುಚ್ಚಬೇಕು. ಸುಮಾರು 150ರಿಂದ 170ರ ನಡುವೆ (65ರಿಂದ 77 ಸೆಲ್ಸಿಯಸ್) ಮಾಂಸದ ಕಾವು ಗಂಟೆಗಟ್ಟಲೆ ಅಲುಗಾಡದೆ ನಿಲ್ಲುತ್ತದೆ. ಒಲೆ ಕೊಡುವಷ್ಟು ಶಾಖವನ್ನು ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಹೊತ್ತೊಯ್ಯುತ್ತಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕ ಕ್ಯಾಬಿನ ಹಾಗೆ ಆ್ಯಪು ಆಗ ಎರಡು ಗಂಟೆ ಎನ್ನುತ್ತದೆ, ಐದು ಎನ್ನುತ್ತದೆ, ಮತ್ತೆ ಮೂರು ಎನ್ನುತ್ತದೆ. ಥರ್ಮಾಮೀಟರ್ ಕೆಟ್ಟಿತೆಂದು ಪ್ರೋಬ್ ಕಿತ್ತು ಚುಚ್ಚುವ ಅಗತ್ಯವಿಲ್ಲ. ಕಾಯಲು ಪುರುಸೊತ್ತಿಲ್ಲದವರು ಬುಚರ್ ಪೇಪರಿನಲ್ಲೋ ಫಾಯಿಲ್‌ನಲ್ಲೋ ಸುತ್ತುತ್ತಾರೆ, ಆವಿ ಕಟ್ಟಿ ಕಾವು ಮತ್ತೆ ಏರುತ್ತದೆ.

203ರ (95 ಸೆಲ್ಸಿಯಸ್) ಹತ್ತಿರ ಅಲಾರಂ ಕೂಗಿದಾಗ ಕೈಯಲ್ಲಿ ಹಿಡಿಯುವ ಇನ್ನೊಂದು ಚುರುಕು ಥರ್ಮಾಮೀಟರಿನಿಂದ ನಾಲ್ಕೈದು ಕಡೆ ಚುಚ್ಚಿ ನೋಡಬೇಕು. ಕಡ್ಡಿ ಮೆತ್ತನೆಯ ಬೆಣ್ಣೆಗೆ ಇಳಿದಂತೆ ಇಳಿದರೆ ಹದ ಬಂದಿದೆ, ಸಂಖ್ಯೆ 198 ಇದ್ದರೂ ಸರಿಯೇ. ತಡೆದರೆ 205 ಇದ್ದರೂ ಇನ್ನಷ್ಟು ಹೊತ್ತು ಬಿಡಿ. ಇಳಿಸಿದ ಮೇಲೆ ಟವೆಲಿನಲ್ಲಿ ಸುತ್ತಿ, ಐಸ್ ಹಾಕದ ಕೂಲರ್ ಪೆಟ್ಟಿಗೆಯಲ್ಲಿ ಎರಡು ಮೂರು ಗಂಟೆ ಇಡುವ ಪದ್ಧತಿ. ಅಲ್ಲಿಯೂ ತಂತಿಯ ಪ್ರೋಬ್ ಒಳಗೇ ಇರಲಿ, ತಂತಿ ಮುಚ್ಚಳದ ಅಂಚಿನಿಂದ ಹೊರಗೆ ಬರಲಿ. ಒಲೆಯ ಅಲಾರಂ ಆರಿಸಿ, ಮಾಂಸದ ಕೆಳಮಿತಿಯನ್ನು 140ಕ್ಕೆ (60 ಸೆಲ್ಸಿಯಸ್) ಇಟ್ಟುಬಿಡಿ. ಅದಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗುತ್ತದೆ, ನೆಂಟರು ಬರುವುದು ತಡವಾದರೆ ಕೂಲರನ್ನು ಬಿಟ್ಟು, ಓವನ್ನನ್ನು 150ಕ್ಕೆ ಇಟ್ಟು ಮಾಂಸವನ್ನು ಅಲ್ಲಿಗೆ ಬದಲಾಯಿಸಬೇಕಾಗುತ್ತದೆ.